ಉಜ್ಜಿದರೂ ಹೋಗದ ಕಪ್ಪು

ಕೊಪ್ಪದಲ್ಲಿ ನನ್ನದು ಡೀಸೆಲ್ ಪಂಪ್ ರಿಪೇರಿ. ಕಿಗ್ಗದ ಮಂಜಪ್ಪ ಹೆಂಡತಿಯನ್ನು ಡಯಾಲಿಸಿಸ್‌ಗೆಂದು ಶಿವಮೊಗ್ಗಕ್ಕೆ ಕರೆದೊಯ್ಯುತ್ತಿದ್ದ ಜೀಪು ನನ್ನ ಅಂಗಡಿಯ ಮುಂದೆಯೇ ಕೆಟ್ಟು ನಿಂತಿತು. ಬೇರೆ ಗಾಡಿ ಸಿಗಲಿಲ್ಲ. ಆಕೆಯ ಕಾಲು ಬಾತಿತ್ತು.

ಎಂಜಿನ್ನಿಗೆ ಡೀಸೆಲ್ ತಳ್ಳುವ ಪಂಪ್ ಬಿಚ್ಚಿದೆ. ಒಳಗಿನ ಪಿಸ್ಟನ್ ಕಪ್ಪಾಗಿತ್ತು. ಸುಟ್ಟು ಮಸಿ ಹಿಡಿದಿದೆ ಎಂದುಕೊಂಡು ಎಮರಿ ಪೇಪರ್‌ನಿಂದ ಉಜ್ಜತೊಡಗಿದೆ. ಪೇಪರ್ ಸವೆಯಿತು, ಕಪ್ಪು ಹೋಗಲಿಲ್ಲ. ಇನ್ನೂ ಒರಟು ಪೇಪರ್ ತೆಗೆದುಕೊಂಡೆ.

ಬಸ್ಸಿಗೆ ಕಾಯುತ್ತಿದ್ದ ಒಬ್ಬರು ಹೆಂಗಸು ಒಳಗೆ ಬಂದರು. ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುವ ಮೇಡಂ ಅಂತೆ.

"ಅಜ್ಜ, ನಿಲ್ಲಿಸಿ. ಅದು ಮಸಿ ಅಲ್ಲ, ಕಂಪನಿಯವರೇ ಹಚ್ಚಿದ ಇಂಗಾಲದ ಲೇಪ. ಕೂದಲಿಗಿಂತ ತೆಳು, ಹೆಚ್ಚುಕಡಿಮೆ ವಜ್ರದಷ್ಟು ಗಟ್ಟಿ. ಅದು ಇರೋದಕ್ಕೇ ಕಬ್ಬಿಣಕ್ಕೆ ಕಬ್ಬಿಣ ಕಚ್ಚದೆ ಜಾರ್ತದೆ."

ನಾನು ನಂಬಲಿಲ್ಲ. ಪಿಸ್ಟನ್ನನ್ನು ಚೆನ್ನಾಗಿ ಒರೆಸಿ, ಅದರ ಕೊಳವೆಯ ಬಾಯಿಗಿಟ್ಟು ಕೈಬಿಟ್ಟೆ. ಎಣ್ಣೆಯ ಹನಿಯೂ ಇಲ್ಲದೆ, ತಡೆಯುವುದು ಏನೂ ಇಲ್ಲವೆಂಬಂತೆ ಅದು ತಾನೇ ಇಳಿದುಹೋಯಿತು. ಜೀವಮಾನವೆಲ್ಲ ಇಂಗಾಲ ಕೆರೆದು ತೆಗೆದ ಕೈ ಇದು. ಎಮರಿ ಪೇಪರ್ ಬದಿಗಿಟ್ಟೆ.

ಆಮೇಲೆ ಹುಡುಕಿದರೆ ಡೀಸೆಲ್ ಸೋಸುವ ಫಿಲ್ಟರಿನಲ್ಲಿ ನೀರು ತುಂಬಿತ್ತು. ಅದನ್ನು ಚೆಲ್ಲಿ, ಎಲ್ಲ ಜೋಡಿಸಿದೆ. ಜೀಪು ಚಾಲೂ ಆಯಿತು.

"ಎಂತ ಆಗಿತ್ತು ಮಾರಾಯ?" ಎಂದ ಮಂಜಪ್ಪ.

"ನೀರು. ಈ ಮೇಡಂ ತಡೆಯದಿದ್ರೆ ಸರಿಯಿದ್ದ ಪಂಪನ್ನ ನಾನೇ ಕೆಡಿಸ್ತಿದ್ದೆ."

ಹಿಂದಿನ ಸೀಟಿನಿಂದ ಅವನ ಹೆಂಡತಿ ನನ್ನ ಕಡೆ ನೋಡಿ ಸಣ್ಣ ದನಿಯಲ್ಲಿ, "ಗೊತ್ತಿಲ್ಲದ್ದನ್ನ ಯಾರನ್ನಾದ್ರೂ ಕೇಳಿದ್ರೆ ಹಲ್ಲು ಉದುರ್ತದಾ ನಿಮಗೆ?" ಎಂದಳು.

ಉದುರಲು ನನ್ನ ಬಾಯಲ್ಲಿ ಹಲ್ಲೇ ಉಳಿದಿಲ್ಲ ಎನ್ನಬಹುದಿತ್ತು. ಹೊತ್ತಾಗುತ್ತಿತ್ತು, ಹೊರಡಿ ಎಂದೆ.