ಫೋಟೋಗ್ರಾಫರನ ಸಾವು ಮುಂದಕ್ಕೆ ಹೋದದ್ದು

ಎಪ್ಪತ್ತರ ದಶಕದಲ್ಲಿ ನಾನು ಕುರುಗೋಡಿನ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದೆ. ಮನೆ ಬಳ್ಳಾರಿಯಲ್ಲಿ. ಹೋಗಿ ಬರುವ ಬಸ್ಸಿನಲ್ಲಿ ಕೂತು ಪತ್ತೇದಾರಿ ಕಾದಂಬರಿ ಬರೆಯುತ್ತಿದ್ದೆ, ತಿಂಗಳಿಗೊಂದು. ಪ್ರೆಸ್ಸಿನ ಮಾಲೀಕರೊಬ್ಬರು ಅವನ್ನು ಅಂಗೈಯಗಲದ ಪುಸ್ತಕ ಮಾಡಿ ಬಸ್‌ಸ್ಟ್ಯಾಂಡುಗಳಲ್ಲಿ ಮಾರಿಸುತ್ತಿದ್ದರು. ನನ್ನ ಪತ್ತೇದಾರ ಮತ್ತು ಅವನ ಗೆಳೆಯ ಫೋಟೋಗ್ರಾಫರ ಒಂದೇ ಮನೆಯಲ್ಲಿದ್ದರು. ಕಾರಣ ಇಷ್ಟೇ: ಎರಡು ಮನೆಗಳನ್ನು ವರ್ಣಿಸುವಷ್ಟು ಪುಟಗಳು ಸಿಗುತ್ತಿರಲಿಲ್ಲ.

ಎಂಟು ವರ್ಷ ಹೀಗೇ ನಡೆಯಿತು. ಒಂದು ದಿನ ಮಾಲೀಕರು ನನ್ನನ್ನು ಕರೆಸಿದರು.

“ಮಾಸ್ತರ, ಇಬ್ರು ಗಂಡಸ್ರು ಎಷ್ಟ ದಿನ ಅಂತ ಎದುರುಬದುರು ಕುಂತು ಚಾ ಕುಡೀತಾರ? ಪತ್ತೇದಾರಗ ಮದುವಿ ಮಾಡ್ರಿ. ಆ ಫೋಟೋದವನ್ನ ಮುಗಸ್ರಿ.”

ನನಗೆ ಅಡ್ಡಿಯೇನೂ ಕಾಣಲಿಲ್ಲ. ಆ ತಿಂಗಳ ಪುಸ್ತಕದ ಹಿಂಬದಿಯಲ್ಲಿ ‘ಫೋಟೋಗ್ರಾಫರನ ಅಂತ್ಯ! ನಿರೀಕ್ಷಿಸಿ!’ ಎಂದು ಅಚ್ಚಾಯಿತು.

ಹತ್ತು ದಿನದ ಮೇಲೆ, ಒಂದು ಭಾನುವಾರ ಬೆಳಿಗ್ಗೆ, ಸಿರುಗುಪ್ಪದಿಂದ ಇಬ್ಬರು ಮನೆಗೆ ಬಂದರು. ನಲವತ್ತರ ಆಸುಪಾಸಿನವರು. ಒಬ್ಬ ಟೇಲರ್, ಇನ್ನೊಬ್ಬ ಅಕ್ಕಿ ಗಿರಣಿಯ ಮೆಕ್ಯಾನಿಕ್. ಮೆಕ್ಯಾನಿಕ್ ನೆಲ ನೋಡುತ್ತ ಕೂತ. ಮಾತಾಡಿದವನು ಟೇಲರ್.

“ಸರ, ಫೋಟೋದವನ್ನ ಸಾಯಸಬ್ಯಾಡ್ರಿ.”

“ಯಾಕ?”

“ಅವನು ಸತ್ರ ಪತ್ತೇದಾರ ಯಾರ ಜೋಡಿ ಇರ್ಬೇಕ್ರಿ?”

“ಅವನಿಗೆ ಮದುವಿ ಮಾಡಸ್ತೀನಲ್ಲ.”

“ಎಂಟು ವರ್ಷ ಕೂಡಿ ಬಾಳ್ವಿ ಮಾಡ್ಯಾರ್ರಿ. ಹಂಗೆಂಗ ಇನ್ನೊಬ್ರ ಜೋಡಿ ಮದುವಿ ಮಾಡ್ಕ್ಯಂತಾನ?”

ಮಾತು ಬದಲಿಸಲು ಹೆಂಡತಿ ಮಕ್ಕಳ ವಿಚಾರ ಕೇಳಿದೆ. “ಇಲ್ರಿ,” ಎಂದ ಟೇಲರ್. “ನಾವಿಬ್ರ ಅದೀವಿ. ಒಂದ ಮನ್ಯಾಗ. ಹದಿನಾಲ್ಕು ವರ್ಷ ಆತು.” ಮನೆ ಬಾಡಿಗೆ ದುಬಾರಿ, ಕೂಡಿ ಇರುವುದೇ ಒಳ್ಳೆಯದು ಎಂದೆ. ಅವನು ಹೌದ್ರಿ ಎಂದ.

ಮಂಡಕ್ಕಿ ಒಗ್ಗರಣೆ ಕೊಡುತ್ತಿದ್ದ ನನ್ನ ಹೆಂಡತಿ ಎಲ್ಲ ಕೇಳಿಸಿಕೊಂಡಿದ್ದಳು. ಅವರು ಬಸ್ಸಿಗೆ ಹೋದ ಮೇಲೆ ಕೇಳಿದಳು: “ನಿಮಗ ತಿಳೀಲಿಲ್ಲೇನ್ರಿ?”

“ಏನು?”

“ಅವರು ಗಂಡ ಹೆಂಡ್ತಿ ಇದ್ದಂಗ ಅದಾರ. ನಿಮ್ಮ ಪುಸ್ತಕದವರೂ ಹಂಗ ಅದಾರಂತ ನಂಬ್ಯಾರ.”

ತೊಂಬತ್ತು ಪತ್ತೇದಾರಿ ಕಾದಂಬರಿ ಬರೆದಿದ್ದೆ. ಮೂರು ಅಡಿ ದೂರದಲ್ಲಿ ಕೂತವರನ್ನು ಪತ್ತೆ ಮಾಡಲಾಗಿರಲಿಲ್ಲ. ಬಾಡಿಗೆಯ ಬಗ್ಗೆ ಆಡಿದ ಮಾತು ನೆನಪಾಗಿ ಊಟ ಸೇರಲಿಲ್ಲ.

ಹಸ್ತಪ್ರತಿ ತಿದ್ದಿದೆ. ಎದೆಗೆ ಬೀಳಬೇಕಿದ್ದ ಗುಂಡು ಭುಜಕ್ಕೆ ಬಿತ್ತು. ಪತ್ತೇದಾರ ಕೊಲೆಗಾರನನ್ನು ಹಿಡಿಯುವುದು ಬಿಟ್ಟು ಆರು ಪುಟ ಆಸ್ಪತ್ರೆಯಲ್ಲಿ ಗೆಳೆಯನಿಗೆ ಗಂಜಿ ಕುಡಿಸುತ್ತ ಕೂತ. ಅವನಿಗೆಂದು ಗೊತ್ತು ಮಾಡಿದ್ದ ಹುಡುಗಿ ಬೇರೊಬ್ಬನನ್ನು ಮದುವೆಯಾದಳು. ಓದುಗರೊಬ್ಬರು ಕಾಗದ ಬರೆದರು: ‘ಕೊಲೆ ಕಡಿಮೆ, ಗಂಜಿ ಜಾಸ್ತಿ.’

ಮಾಲೀಕರು ಒಂದು ವರ್ಷ ಸಹಿಸಿದರು. ಕೊನೆಗೆ, “ಮದುವಿ ಮಾಡ್ತೀರೋ, ಬಿಡ್ತೀರೋ?” ಎಂದರು. ಬಿಡುತ್ತೇನೆ ಎಂದೆ. ಬಾಯಿಂದ ಹಾಗೆ ಬಂದದ್ದು ನನಗೇ ಆಶ್ಚರ್ಯ. ಮಾಲಿಕೆ ಇನ್ನೊಬ್ಬ ಲೇಖಕರ ಕೈಗೆ ಹೋಯಿತು. ಅವರು ಮೊದಲ ಅಧ್ಯಾಯದಲ್ಲೇ ಫೋಟೋಗ್ರಾಫರನನ್ನು ಕಾಲುವೆಗೆ ಬೀಳಿಸಿ, ಮೂರನೆಯದರಲ್ಲಿ ಪತ್ತೇದಾರನ ಮದುವೆ ಮುಗಿಸಿದರು.

ಬೇಸಿಗೆ ರಜೆಯಲ್ಲಿ ನಾನು ಇನ್ನೊಂದು ಕಥೆ ಬರೆದೆ, ಅಚ್ಚಿಗಲ್ಲ. ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ. ಅದರಲ್ಲಿ ಇಬ್ಬರೂ ಬದುಕಿದ್ದರು. ಒಬ್ಬರನ್ನೊಬ್ಬರು ಬಿಟ್ಟಿರಲಾರೆವೆಂದು ಅವರು ಬಾಯಿಬಿಟ್ಟು ಹೇಳಿದ್ದು ಅದರಲ್ಲೇ. ಸಿರುಗುಪ್ಪಕ್ಕೆ ಹೋಗಿ ಕೊಟ್ಟೆ. ಟೇಲರ್ ಮಧ್ಯಾಹ್ನ ಅಂಗಡಿ ಮುಚ್ಚಿ, ಮನೆಯಲ್ಲಿ ಗಟ್ಟಿಯಾಗಿ ಓದತೊಡಗಿದ. ಮೆಕ್ಯಾನಿಕ್ ಅಕ್ಕಿ ಆರಿಸುತ್ತ ಕೇಳಿದ. ಕಥೆಯ ಇಬ್ಬರೂ ಹಾಗೆ ಹೇಳಿಕೊಳ್ಳುವ ಜಾಗಕ್ಕೆ ಬಂದಾಗ ಟೇಲರನ ದನಿ ನಿಂತಿತು. ಕನ್ನಡಕ ತೆಗೆದು ಒರೆಸಿಕೊಂಡ.

ಅಲ್ಲಿಯವರೆಗೆ ನನ್ನ ಜೊತೆ ಒಂದು ಮಾತೂ ಆಡದ ಮೆಕ್ಯಾನಿಕ್ ಮೊರ ಕೆಳಗಿಟ್ಟ.

“ಇಲ್ಲಿ ಕೊಡು, ನಾ ಓದ್ತೀನಿ,” ಎಂದು ನೋಟ್‌ಬುಕ್ಕು ಇಸಿದುಕೊಂಡು, ಅಕ್ಷರ ಕೂಡಿಸಿಕೊಂಡು ಓದಿದ. ಮುಗಿಯುವಷ್ಟರಲ್ಲಿ ನನ್ನ ಬಸ್ಸು ಹೋಗಿತ್ತು. ರಾತ್ರಿ ಅಲ್ಲೇ ಉಂಡೆ.