ಸೆಟ್ ಓದಿ ಸಿಕ್ಕಿದ ಕೆಲಸ

ಕೊಡಗು ಇನ್ನೂ ಬೇರೆ ರಾಜ್ಯವಾಗಿದ್ದಾಗ ಮಾದಾಪುರದ ಹತ್ತಿರದ ಕಾಫಿ ಎಸ್ಟೇಟಿಗೆ ಲೆಕ್ಕಪತ್ರ ಬರೆಯುವ ರೈಟರ್ ಕೆಲಸ ಕೇಳಿಕೊಂಡು ಹೋಗಿದ್ದೆ. ತೋಟದ ದೊರೆ ನನ್ನ ಮುಂದೆ ದಪ್ಪ ಇಂಗ್ಲಿಷ್ ನಿಘಂಟು ಇಟ್ಟು, "'ಸೆಟ್' ಅನ್ನೋ ಪದದ ಅರ್ಥ ಪೂರ್ತಿ ಓದು, ಒಂದೂ ಬಿಡಬೇಡ" ಎಂದರು.

ಇಂಗ್ಲಿಷಿನಲ್ಲಿ ಮೂರೇ ಅಕ್ಷರ, ಎಷ್ಟು ಹೊತ್ತಿನ ಕೆಲಸ ಅಂದುಕೊಂಡೆ. ಸೂರ್ಯ ಮುಳುಗುವುದೂ ಸೆಟ್, ಮುರಿದ ಮೂಳೆ ಕೂಡಿಸುವುದೂ ಸೆಟ್, ಬಲೆ ಒಡ್ಡುವುದೂ ಸೆಟ್. ಕೆಲವು ಹಳೆಯ ಇಂಗ್ಲಿಷಿನವಂತೆ, ಕೆಲವು ಲ್ಯಾಟಿನ್ನಿನಿಂದ ಹೊರಟು ಫ್ರೆಂಚರ ಮನೆ ಹೊಕ್ಕು ಬಂದವಂತೆ. ಪುಟ ಮಗುಚಿದರೂ ಸೆಟ್ಟೇ. ನಗು ತಡೆಯಲಾಗದೆ ಕಣ್ಣಲ್ಲಿ ನೀರು ಬಂತು. ದೊರೆ ಕುರ್ಚಿಯಲ್ಲೇ ಗೊರಕೆ ಹೊಡೆಯುತ್ತಿದ್ದರು.

ಅವರಿಗೆ ಎಚ್ಚರವಾದಾಗ ನಾನು ಕೊನೆಯ ಸಾಲಿನಲ್ಲಿದ್ದೆ.

"ಬಂದವರೆಲ್ಲ ನಡುವೆ ಹಾರಿಸಿ ಓದಿದರು. ನಿಯತ್ತಿನವನು ನೀನೊಬ್ಬನೇ. ನಾಳೆ ಬಾ" ಎಂದರು.

ಗೊರಕೆ ಶುರುವಾದ ಕೂಡಲೇ ನಾನು ಎರಡು ಹಾಳೆ ಒಟ್ಟಿಗೇ ಮಗುಚಿದ್ದೆ. ಅವುಗಳಲ್ಲಿ ಏನಿತ್ತೆಂದು, ಮೂವತ್ತು ವರ್ಷ ಅಲ್ಲೇ ರೈಟರಾಗಿದ್ದರೂ ನೋಡಲು ಹೋಗಲಿಲ್ಲ.