ಯಂತ್ರಕ್ಕೆ ಮಾತು ಕಲಿಸಿದ ಸರ್ವಮಂಗಳಾ

ಕತ್ರಿಗುಪ್ಪೆಯ ಆ ಅಡ್ಡರಸ್ತೆಯಲ್ಲಿ ಪೇಪರ್ ತರಿಸುವ ಮನೆಗಳು ಬೇಕಾದಷ್ಟಿದ್ದವು. ಪೇಪರ್ ಕೇಳಿಸುವ ಮನೆ ಮಾತ್ರ ಸರ್ವಮಂಗಳಾಳದೊಂದೇ. ಅತ್ತೆ ಕೆಂಪಕ್ಕನ ಕಣ್ಣು ಮಂಜಾದ ಮೇಲೆ ಸೊಸೆ ದಿನಾ ಬೆಳಿಗ್ಗೆ ಜಗಲಿಯ ಮೇಲೆ ಕೂತು ಗಟ್ಟಿಯಾಗಿ ಓದುತ್ತಿದ್ದಳು. ಸೊಪ್ಪು ಬಿಡಿಸುವ ನೆಪದಲ್ಲಿ ಅಕ್ಕಪಕ್ಕದ ಹೆಂಗಸರೂ ಬಂದು ಸೇರುತ್ತಿದ್ದರು. ಅವಳ ಗಂಟಲಿನಲ್ಲಿ ಬಂದರೆ ಚಿನ್ನದ ರೇಟು ಏರಿದ ಸುದ್ದಿಯೂ ಹಿತವಾಗಿ ಕೇಳುತ್ತಿತ್ತು.

ಎರಡು ಸಾವಿರದ ಮೂರನೇ ಇಸವಿ ಇರಬೇಕು. ಎದುರುಮನೆಗೆ ನೆಂಟರನ್ನು ನೋಡಲು ಬಂದಿದ್ದ ಭಾಗ್ಯಜ್ಯೋತಿ ಎಂಬ ಹುಡುಗಿ ಈ ಓದು ಕೇಳಿ ರಸ್ತೆ ದಾಟಿ ಬಂದಳು. ಗದಗಿನ ಕಡೆಯವಳು, ಬಿಟಿಎಂ ಬಡಾವಣೆಯಲ್ಲಿ ಬಾಡಿಗೆಗಿದ್ದು ಜೆಪಿ ನಗರದ ಒಂದು ಸಣ್ಣ ಕಂಪನಿಗೆ ಕೆಲಸಕ್ಕೆ ಹೋಗುತ್ತಿದ್ದಳು. ಅವಳು ಹೇಳಿದ್ದನ್ನು ಕೇಳಿ ಜಗಲಿಗೆ ಜಗಲಿಯೇ ನಕ್ಕಿತು. ಕಂಪನಿಯವರು ಹಾಳೆಯಲ್ಲಿ ವಾಕ್ಯ ಬರೆದು ಕೊಡುತ್ತಾರಂತೆ, ಮನೆಯಲ್ಲೇ ಕೂತು ಅದನ್ನು ಕ್ಯಾಸೆಟ್ಟಿಗೆ ಓದಬೇಕಂತೆ, ಕೇಳಿ ಕೇಳಿ ಕಂಪ್ಯೂಟರು ಕನ್ನಡ ಮಾತನ್ನು ಗುರುತು ಹಿಡಿಯಲು ಕಲಿಯುತ್ತದಂತೆ. ಓದಿದ್ದಕ್ಕೆ ಸಂಬಳ ಬೇರೆ.

ನಗದೇ ಇದ್ದವಳು ಪಕ್ಕದ ಮನೆಯ ಕಲ್ಯಾಣಿ ಒಬ್ಬಳೇ. ಹಿಂದಿನ ವರ್ಷ ಅವಳು ವಿಲ್ಸನ್ ಗಾರ್ಡನ್ನಿನ ಯಾವುದೋ ಆಫೀಸಿಗೆ ಮುಂಗಡ ಕಟ್ಟಿ, ಮನೆಯಲ್ಲೇ ಲಕೋಟೆಗೆ ವಿಳಾಸ ಬರೆಯುವ ಕೆಲಸ ತಂದಿದ್ದಳು. ಬರೆದದ್ದೆಲ್ಲ 'ತಪ್ಪಿದೆ' ಎಂದು ವಾಪಸು ಬಂತು. ಕೇಳಲು ಹೋದರೆ ಬಾಗಿಲಿಗೆ ಬೀಗ. ಅಂದಿನಿಂದ ಗಂಡನ ಮನೆಯವರು ಅವಳ ಬುದ್ಧಿಯನ್ನು ಆಡಿಕೊಳ್ಳದ ಹಬ್ಬವಿರಲಿಲ್ಲ. ಬಿಸಿ ಹಾಲು ಕುಡಿದ ಬೆಕ್ಕು ಮಜ್ಜಿಗೆಯನ್ನೂ ಊದಿ ಕುಡಿಯುತ್ತದಲ್ಲ, ಹಾಗಾಗಿದ್ದಳು ಅವಳು.

ಈ ಕಂಪನಿ ಮುಂಗಡ ಕೇಳಲಿಲ್ಲ, ಟೇಪ್ ರೆಕಾರ್ಡರನ್ನೂ ತಾನೇ ಕೊಟ್ಟಿತು. ಅಷ್ಟು ನೋಡಿ ಸರ್ವಮಂಗಳಾ ಒಪ್ಪಿದಳು. ಹದಿನೈದು ದಿನ ಓದಿದ ಮೇಲೆ ಕಲ್ಯಾಣಿಗೂ ಧೈರ್ಯ ಹೇಳಿದಳು, "ನಾನಿದೀನಿ, ಬಾರೇ. ಮೋಸ ಆದ್ರೆ ನನ್ನ ಕೇಳು." ಹಾಗೆಂದದ್ದೇ ತಡ, ಆ ಮಾತಿನ ಭಾರ ಅವಳ ಹೆಗಲೇರಿತು. ಕಲ್ಯಾಣಿ ಗಂಡನಿಗೂ ಹೇಳದೆ, ಅಡುಗೆಮನೆಯ ಬಾಗಿಲು ಹಾಕಿಕೊಂಡು ಓದತೊಡಗಿದಳು.

ತಿಂಗಳಾಗುವಷ್ಟರಲ್ಲಿ ಸರ್ವಮಂಗಳಾ ಓದಿದ ಕ್ಯಾಸೆಟ್ಟುಗಳೆಲ್ಲ ಚೀಲದಲ್ಲಿ ವಾಪಸು ಬಂದವು. ಮೇಲೊಂದು ಚೀಟಿ: 'ಸರಿಯಿಲ್ಲ, ಮತ್ತೆ ಓದಬೇಕು.' ಕಲ್ಯಾಣಿ ಚೀಲ ನೋಡಿದವಳೇ ಬಿಳಿಚಿಕೊಂಡಳು.

"ಅಲ್ಲೂ ಹಿಂಗೇ ಶುರುವಾಗಿದ್ದು ಅಕ್ಕ," ಎಂದಳು. ಬೈದಿದ್ದರೆ ಸರ್ವಮಂಗಳಾಗೆ ಎಷ್ಟೋ ವಾಸಿಯಾಗಿರುತ್ತಿತ್ತು.

ಮಾರನೆಯ ದಿನ ಇಬ್ಬರೂ ಬಸ್ಸು ಹತ್ತಿ ಜೆಪಿ ನಗರಕ್ಕೆ ಹೋದರು. ದಾರಿಯುದ್ದಕ್ಕೂ ಸರ್ವಮಂಗಳಾ ಕಂಡ ದೇವರಿಗೆಲ್ಲ ಕೈಮುಗಿದು ಕೇಳಿದ್ದು ಒಂದೇ, ಬಾಗಿಲಿಗೆ ಬೀಗ ಇರದಿರಲಿ ಎಂದು. ಬೀಗ ಇರಲಿಲ್ಲ. ಮಹಡಿ ಮನೆಯ ಹಜಾರದಲ್ಲಿ ನಾಲ್ಕೈದು ಜನ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಉಸಿರೆತ್ತದೆ ಕೂತಿದ್ದರು. ಅವರು ಕೇಳುತ್ತಿದ್ದದ್ದು ಹಾಡನ್ನಲ್ಲ, ಯಾರ್ಯಾರೋ ಓದಿದ ವಾಕ್ಯಗಳನ್ನು. ಹಾಳೆಯ ಮೇಲೆ ಬೆರಳಿಟ್ಟು, ಒಂದೊಂದೇ ಪದ.

ಭಾಗ್ಯಜ್ಯೋತಿ ಸರ್ವಮಂಗಳಾಳನ್ನು ಕೂರಿಸಿ ಅವಳದೇ ದನಿ ಕೇಳಿಸಿದಳು. ಹಾಳೆಯಲ್ಲಿ 'ಮನೆಯಲ್ಲಿ ಅಕ್ಕಿ ಮುಗಿದಿದೆ' ಎಂದಿತ್ತು. ಕಿವಿಯಲ್ಲಿ 'ಮನೆಯಲ್ಲಿ ಅಕ್ಕಿ ಹೆಚ್ಚಿದೆ' ಎಂದು ಕೇಳಿತು. 'ದೀಪ ಆರಿತು' ಎಂದಿದ್ದ ಕಡೆ 'ದೀಪ ಶಾಂತವಾಯಿತು'. 'ನಾನು ಹೋಗುತ್ತೇನೆ' ಎಂದಿದ್ದ ಕಡೆ 'ಹೋಗಿ ಬರುತ್ತೇನೆ'. 'ಅವನು ಸತ್ತ' ಎಂಬಲ್ಲಿ ಅವನನ್ನು ಶಿವನ ಪಾದಕ್ಕೇ ಸೇರಿಸಿಬಿಟ್ಟಿದ್ದಳು. ಹೀಗೆ ಓದಿದ್ದು ಅವಳಿಗೇ ಗೊತ್ತಿರಲಿಲ್ಲ. ಮುತ್ತೈದೆಯ ಬಾಯಲ್ಲಿ ಅಶುಭ ಬರಬಾರದೆಂದು ತಾಯಿ ಕಲಿಸಿದ್ದನ್ನು ನಾಲಿಗೆ ತಾನಾಗಿಯೇ ಪಾಲಿಸಿತ್ತು.

"ಮಶೀನಿಗೆ ಏನೂ ಗೊತ್ತಿಲ್ರಿ ಅಕ್ಕಾರ," ಎಂದಳು ಭಾಗ್ಯಜ್ಯೋತಿ. "ನೀವು ಹೇಳಿದ್ದನ್ನ ಖರೇ ಅಂತ ನಂಬತೈತಿ. ಮುಗಿದೈತಿ ಅನ್ನೋ ಅಕ್ಷರಕ್ಕ ಹೆಚ್ಚೈತಿ ಅನ್ನೋ ದನಿ ಕೊಟ್ರ, ಅದನ್ನ ಕಲಿತೈತಿ."

ಸರ್ವಮಂಗಳಾ ಹೆಡ್‌ಫೋನ್ ತೆಗೆದು ಮಡಿಲಲ್ಲಿಟ್ಟುಕೊಂಡಳು. ತನ್ನ ಇಷ್ಟು ವರ್ಷದ ಸಂಸಾರದಲ್ಲಿ, ತಾನಾಡಿದ ಮಾತನ್ನು ಇಷ್ಟು ಗಮನಕೊಟ್ಟು ಕೇಳಿದವರು ಯಾರಿದ್ದರು? ಮೋಸ ಮಾಡುವವನು ಪದಕ್ಕೆ ಪದ ಹಿಡಿದು ಕೂರುತ್ತಾನೆಯೇ? ಅವಳಿಗಿದ್ದ ಅನುಮಾನ ಅಲ್ಲಿಗೆ ಹೋಯಿತು. ಕಲ್ಯಾಣಿಯದು ಹೋಗಿರಲಿಲ್ಲ. ಅವಳು ಬಾಗಿಲ ಹತ್ತಿರವೇ ನಿಂತಿದ್ದಳು.

ಭಾಗ್ಯಜ್ಯೋತಿ ಅವಳನ್ನು ಕರೆದು ಮೈಕು ಕೊಟ್ಟು, ಕಂಪ್ಯೂಟರು ಇನ್ನೂ ಕಲಿಯುತ್ತಿದೆ, ತಪ್ಪಿದರೂ ತಪ್ಪೀತು, ಹಾಳೆಯಲ್ಲಿ ಓದಿದ ಯಾವುದಾದರೂ ವಾಕ್ಯ ಹೇಳಿ ಎಂದಳು. ಕಲ್ಯಾಣಿ ಬಹಳ ಹೊತ್ತು ಯೋಚಿಸಿ, ಕೇಳಿಸಿಯೂ ಕೇಳಿಸದ ದನಿಯಲ್ಲಿ, "ನಲ್ಲಿಯಲ್ಲಿ ನೀರು ಬಂತು," ಎಂದಳು. ಸ್ವಲ್ಪ ಹೊತ್ತಿಗೆ ಅದರ ಪರದೆಯ ಮೇಲೆ ಕನ್ನಡ ಅಕ್ಷರಗಳು ಮೂಡಿದವು: ನಲ್ಲಿಯಲ್ಲಿ ನೀರು ಬಂತು. ಯಾರೂ ಕೀಲಿಮಣೆ ಮುಟ್ಟಿರಲಿಲ್ಲ. ಸರ್ವಮಂಗಳಾಳ ಮೈಮೇಲಿನ ರೋಮವೆಲ್ಲ ಎದ್ದು ನಿಂತಿತು. ಗುಡಿಯಲ್ಲಿ ಮಂಗಳಾರತಿಯ ಹೊತ್ತಿನಲ್ಲಿ ನಿಲ್ಲುವಂತೆ ಕೈ ಜೋಡಿಸಿ ನಿಂತುಬಿಟ್ಟಳು. ಕಲ್ಯಾಣಿ ಪರದೆಯನ್ನು ಬೆರಳ ತುದಿಯಲ್ಲಿ ಮುಟ್ಟಿ ನೋಡಿದಳು.

"ನಾನ್ ಹೇಳಿದ್ದು ಅದಕ್ಕೆ ಕೇಳಿಸ್ತು ಅಕ್ಕ," ಎಂದು ಅತ್ತಳು.

ಇನ್ನು ಉಳಿದದ್ದು ಸರ್ವಮಂಗಳಾಳ ನಾಲಿಗೆಯ ಪಾಡು. ಮನೆಗೆ ಬಂದು ಚಾಪೆ ಹಾಸಿ ಕೂತರೂ 'ಸತ್ತ' ಎಂಬುದು ಬಾಯಿಂದ ಹೊರಡಲೊಲ್ಲದು. ಅತ್ತೆಯ ಮುಂದೆ ಹೇಳಿಕೊಂಡಳು, ಬೇಡವೆಂದರೆ ಬಿಟ್ಟುಬಿಡುತ್ತೇನೆ ಎಂದಳು. ಕೆಂಪಕ್ಕ ಎಲೆಯಡಿಕೆ ಮೆಲ್ಲುವುದನ್ನು ನಿಲ್ಲಿಸಿ ಯೋಚಿಸಿದಳು.

"ಒಳ್ಳೇದನ್ನೇ ಹೇಳ್ಕೊಟ್ರೆ ಹೆಂಗಮ್ಮ?" ಎಂದಳು. "ನಾಳೆ ಯಾರಾದ್ರೂ ಅಳ್ತಾ ಬಂದು, ನನ್ ಮಗ ಸತ್ತ ಅಂತ ಅದರ ಮುಂದೆ ಹೇಳ್ಕೊಂಡ್ರೆ, ಅದಕ್ಕೆ ಅರ್ಥ ಆಗ್ಬೇಡ್ವಾ?"

ಸರ್ವಮಂಗಳಾ ಕ್ಯಾಸೆಟ್ಟು ಹಾಕಿ, ಗುಂಡಿ ಒತ್ತಿ, ಹಾಳೆ ಎತ್ತಿಕೊಂಡಳು. ಅಷ್ಟರಲ್ಲಿ ಹೊರಗೆ ತರಕಾರಿ ಗಾಡಿಯವನು ಕೂಗುತ್ತ ಬಂದ. ಆ ಕೂಗನ್ನು ಮೀರಿಸಿ ಕಲ್ಯಾಣಿಯ ದನಿ ಕೇಳಿತು. ತನ್ನ ಗಂಡನೂ ಅತ್ತೆಯೂ ಕೇಳುವಂತೆ, ಬೀದಿಗೆಲ್ಲ ಕೇಳುವಂತೆ ಅವಳು ಹೇಳುತ್ತಿದ್ದಳು, "ಸ್ವಲ್ಪ ಸುಮ್ನಿರಣ್ಣ. ಅಕ್ಕ ಕೆಲ್ಸ ಮಾಡ್ತಾವ್ರೆ. ಅವರದ್ದಾದ್ಮೇಲೆ ನಂದೂ ಇದೆ."